ಎಲ್ಲರಿಗೂ ಮೂವತ್ತೈದು

ಸಾಗರದ ನಮ್ಮ ಹೈಸ್ಕೂಲಿಗೆ ಕಂಪ್ಯೂಟರ್ ಬಂದದ್ದು ಎಂಬತ್ತಾರರಲ್ಲಿ. ಮುಂಬಯಿಯಲ್ಲಿ ಹೋಟೆಲು ಇಟ್ಟಿದ್ದ ಹಳೆಯ ವಿದ್ಯಾರ್ಥಿಯೊಬ್ಬರು ಅದನ್ನು ದಾನ ಕೊಟ್ಟರು, ಹೆಡ್‌ಮಾಸ್ಟರ್ ಮಂಜಯ್ಯನವರು ಅದಕ್ಕೆ ಕುಂಕುಮ ಹಚ್ಚಿದರು, ಗಣಿತದ ಮೇಷ್ಟ್ರು ಎಂಬ ಒಂದೇ ಅಪರಾಧಕ್ಕೆ ನನ್ನನ್ನು ಅದರ ಮುಂದೆ ಕೂರಿಸಿದರು.

ಪುಸ್ತಕ ನೋಡಿಕೊಂಡು ಒಂಬತ್ತನೇ ತರಗತಿಯ ಅಂಕಪಟ್ಟಿಗೊಂದು ಪ್ರೋಗ್ರಾಂ ಬರೆದೆ. ನಲವತ್ತೆರಡು ಹೆಸರು, ನಲವತ್ತೆರಡು ಖಾನೆ. ಮೊದಲು ಖಾನೆಗಳ ಸಾಲು ಸಿದ್ಧವಾಗಬೇಕು, ಅಂಕ ಆಮೇಲೆ. ಊಟದ ಪಂಕ್ತಿಗೆ ಎಲೆ ಹಾಕಿದ ಹಾಗೆ. ಆದರೆ ಈ ಯಂತ್ರ ಖಾಲಿ ಎಲೆ ಹಾಕುವುದಿಲ್ಲ. ನಾವು ಏನೂ ಹೇಳದಿದ್ದರೆ ಪ್ರತಿ ಖಾನೆಗೂ ತಾನೇ ಒಂದು ಸೊನ್ನೆ ಬಡಿಸಿಬಿಡುತ್ತದೆ.

ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಈ ಸೊನ್ನೆ ರಗಳೆ ತಂದಿತು. ಪರೀಕ್ಷೆ ಬಿದ್ದದ್ದು ಅಡಿಕೆ ಕೊಯ್ಲಿನ ಹೊತ್ತಿಗೆ. ಆ ದಿನಗಳಲ್ಲಿ ಎಷ್ಟೋ ಮಕ್ಕಳು ಮನೆಯಲ್ಲಿ ಅಡಿಕೆ ಸುಲಿಯಲು ಕೂರುತ್ತಾರೆ, ಹಾಜರಿ ಪುಸ್ತಕ ಕಣ್ಣು ಮುಚ್ಚಿಕೊಳ್ಳುತ್ತದೆ, ಕೊಯ್ಲು ಮುಗಿದ ಮೇಲೆ ಅವರಿಗೆ ಬೇರೆ ಪರೀಕ್ಷೆ ಇಡುತ್ತೇವೆ. ಇದನ್ನು ಕಂಪ್ಯೂಟರಿಗೆ ಯಾರು ಹೇಳಬೇಕು? ಹದಿಮೂರು ಮಕ್ಕಳಿಗೆ ಸೊನ್ನೆ ಎಂದು ಅಚ್ಚು ಹಾಕಿತು. ಅಪ್ಪಂದಿರು ಬಂದು ಮಂಜಯ್ಯನವರ ಮೇಜು ಗುದ್ದಿದರು. ಸೊನ್ನೆ ಬೇರೆ, ಖಾಲಿ ಬೇರೆ, ಬಾರದವರ ಖಾನೆಯನ್ನು ಖಾಲಿ ತೋರಿಸೋಣ ಎಂದು ನಾನು ವಾದಿಸಿದೆ. ಮಂಜಯ್ಯನವರಿಗೆ ಗಣಿತಕ್ಕಿಂತ ಮೇಜು ಮುಖ್ಯ. ಮೊದಲೇ ಎಲ್ಲ ಖಾನೆಗೂ ಪಾಸಿನ ಮೂವತ್ತೈದು ತುಂಬಿಸಿ, ನಿಜವಾದ ಅಂಕವನ್ನು ಅದರ ಮೇಲೆ ಹಾಕಿ ಎಂದು ಅಪ್ಪಣೆ ಮಾಡಿದರು. ಬಾಯಿ ಮುಚ್ಚಿಕೊಂಡು ಹಾಗೇ ಬರೆದೆ. ಆ ಹೇಡಿತನ ನನ್ನದೇ.

ವಾರ್ಷಿಕ ಪರೀಕ್ಷೆ ಮುಗಿದು, ಎಲ್ಲರ ಸರಾಸರಿ ಕುಟ್ಟಿ ಕೂರಿಸುವಷ್ಟರಲ್ಲಿ ಕರೆಂಟು ಹೋಯಿತು. ಕುಟ್ಟಿದ ಅಂಕವೆಲ್ಲ ಅಳಿಸಿಹೋಯಿತು, ಕ್ಯಾಸೆಟ್ಟಿನಲ್ಲಿ ಇಟ್ಟಿದ್ದ ಪ್ರೋಗ್ರಾಂ ಮಾತ್ರ ಉಳಿಯಿತು. ಲಿಂಗನಮಕ್ಕಿಯ ನೀರಿನಿಂದ ಊರೂರಿಗೆ ದೀಪ, ಪಕ್ಕದಲ್ಲೇ ಇರುವ ನಮಗೆ ಮೇಣದ ಬತ್ತಿ. ನಾನು ಕಾಫಿಗೆ ಹೋದೆ. ಕರೆಂಟು ಬಂದಾಗ ಮಂಜಯ್ಯನವರು ತಮಗೆ ಗೊತ್ತಿದ್ದ ಒಂದೇ ಕೆಲಸ ಮಾಡಿದರು. ಕ್ಯಾಸೆಟ್ಟಿನಿಂದ ಪ್ರೋಗ್ರಾಂ ತೆಗೆದು ಓಡಿಸಿದರು. ಅದು ಮೊದಲಿಂದ ಓಡಿತು, ಖಾನೆಗಳಿಗೆಲ್ಲ ಮೂವತ್ತೈದು ತುಂಬಿಕೊಂಡಿತು. ನಾನು ವಾಪಸು ಬಂದಾಗ ಪಟ್ಟಿ ನೋಟಿಸ್ ಬೋರ್ಡಿನ ಮೇಲಿತ್ತು.

ಎಲ್ಲರೂ ಪಾಸು. ಆಷಾಢದಲ್ಲೇ ಶಾಲೆ ಬಿಟ್ಟು ತೀರ್ಥಹಳ್ಳಿಯ ಬೇಕರಿ ಸೇರಿದ್ದ ಹೂವಪ್ಪನೂ ಪಾಸು. ಊರಿನಲ್ಲಿ ಯಾರೂ ತಕರಾರು ಎತ್ತಲಿಲ್ಲ. ಕಂಪ್ಯೂಟರಿಗೆ ಜಾತಿ ಇಲ್ಲ, ವಶೀಲಿ ಇಲ್ಲ, ಅದಕ್ಕೇ ಎಲ್ಲರೂ ಸಮ ಎಂದು ಆಡಳಿತ ಮಂಡಳಿಯ ಅಧ್ಯಕ್ಷರು ಹೊಗಳಿದರು. ಅವರ ಮಗ ನಿಜಕ್ಕೂ ತೆಗೆದದ್ದು ಹತ್ತೊಂಬತ್ತು.

ಅತ್ತವಳು ಗಂಗಾ ಒಬ್ಬಳೇ. ಇಕ್ಕೇರಿಯ ಭೂತಪ್ಪನ ಮಗಳು. ನನ್ನ ಅಂಕದ ಪುಸ್ತಕದಲ್ಲಿ ಅವಳ ಸರಾಸರಿ ತೊಂಬತ್ತೊಂದು. ಅರವತ್ತು ದಾಟಿದರೆ ಹತ್ತನೇ ತರಗತಿ, ಇಲ್ಲದಿದ್ದರೆ ಮೇ ತಿಂಗಳಲ್ಲಿ ಮದುವೆ ಎಂದು ಮನೆಯಲ್ಲಿ ಮಾತಾಗಿತ್ತು. ಗಂಡೂ ಗೊತ್ತಾಗಿತ್ತು.

ಪಟ್ಟಿ ತೆಗೆಸಿ ಎಂದೆ. ಒಬ್ಬಳಿಗೋಸ್ಕರ ಹದಿನೇಳು ಜನರನ್ನು ಫೇಲು ಮಾಡಿ ಅಧ್ಯಕ್ಷರ ಬಾಯಿಗೆ ಬೀಳಲು ತಾವು ತಯಾರಿಲ್ಲ ಎಂದರು ಮಂಜಯ್ಯನವರು. ಅಂಕದ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಇಕ್ಕೇರಿಗೆ ಹೋದೆ.

ಭೂತಪ್ಪ ಗದ್ದೆಯಂಚಿನಲ್ಲಿ ಬೇಲಿ ಕಟ್ಟುತ್ತಿದ್ದ. ಗೇಣಿಗೆ ಮಾಡುತ್ತಿದ್ದ ಆ ಗದ್ದೆ ಅವನ ಹೆಸರಿಗೆ ಆದದ್ದು ಟೈಪು ಮಾಡಿದ ಒಂದು ಆದೇಶದಿಂದ. ಒಡೆಯರು ಅದಕ್ಕೂ ಮೊದಲು ಕೈಯಲ್ಲಿ ಬರೆದುಕೊಟ್ಟಿದ್ದ ಚೀಟಿಗಳು ಒಂದೂ ಉಪಯೋಗಕ್ಕೆ ಬಂದಿರಲಿಲ್ಲ. ನನ್ನ ಪುಸ್ತಕವನ್ನು ಅವನು ಮರ್ಯಾದೆಯಿಂದಲೇ ನೋಡಿದ.

“ನೀವು ದೊಡ್ಡ ಮನಸ್ಸು ಮಾಡಿ ಬರ್ದೀರಿ ಮೇಷ್ಟ್ರೇ. ಕೈಯಲ್ಲಿ ಬರ್ದಿದ್ದಕ್ಕೆ ಎಂತ ಬೆಲೆ? ಮಿಷನ್ನು ಹೇಳಿದ್ದೇ ಸರಿ.”

ಶಾಲೆಗೆ ಮರಳಿ, ಗಂಗಾಳ ಖಾನೆಗೆ ಮಾತ್ರ ತೊಂಬತ್ತೊಂದು ಹಾಕಿ ಹೊಸ ಪಟ್ಟಿ ತೆಗೆದೆ. ಅಧ್ಯಕ್ಷರಿಗೂ ನೋವಿಲ್ಲ, ಹುಡುಗಿಗೂ ನ್ಯಾಯ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಮಾರನೆಯ ದಿನ ಅದನ್ನು ಇಕ್ಕೇರಿಗೆ ಒಯ್ದೆ. ಭೂತಪ್ಪ ಮನೆಯ ಜಗಲಿಯಲ್ಲಿ ಆ ಪಟ್ಟಿಯನ್ನು ಬೆರಳಿಟ್ಟು ಮೇಲಿಂದ ಕೆಳಗೆ ನೋಡಿದ.

“ಊರಿಗೆಲ್ಲ ಮೂವತ್ತೈದು, ನಮ್ಮನೆ ಹುಡುಗಿಗೊಂದೇ ತೊಂಬತ್ತೊಂದಾ? ಮಿಷನ್ನು ಎಲ್ಲೋ ತಪ್ಪಿದೆ. ನಮ್ದಲ್ಲದ್ದು ನಮಗೆ ಬ್ಯಾಡ ಮೇಷ್ಟ್ರೇ, ಸರಿ ಮಾಡ್ಸಿ.”

ಬಾಗಿಲ ಹಿಂದೆ ನಿಂತಿದ್ದ ಗಂಗಾ ಎಲ್ಲ ಕೇಳಿಸಿಕೊಂಡಳು. ಇಡೀ ಸಾಗರದಲ್ಲಿ ಪುಕ್ಕಟೆ ಅಂಕ ಬೇಡ ಎಂದವನು ಅವನೊಬ್ಬನೇ, ಅದೂ ಅವನ ಮಗಳು ದುಡಿದು ತೆಗೆದ ಅಂಕವನ್ನು.

ಶನಿವಾರ ಬೆಳಿಗ್ಗೆ ಮೂವತ್ತೈದು ತುಂಬುವ ಸಾಲನ್ನು ಪ್ರೋಗ್ರಾಮಿನಿಂದ ಅಳಿಸಿದೆ. ಎಲ್ಲರ ನಿಜವಾದ ಅಂಕ ಹಾಕಿದೆ, ಹೂವಪ್ಪನ ಮುಂದೆ ಬರೀ ಗೀಟು ಬರುವಂತೆ ಮಾಡಿದೆ. ಎರಡು ಪ್ರತಿ ತೆಗೆದು ಒಂದನ್ನು ಬೋರ್ಡಿಗೆ ಅಂಟಿಸಿದೆ. ಸೋಮವಾರ ಅಧ್ಯಕ್ಷರು ಬಂದರು, ಮಂಜಯ್ಯನವರು ಕೂಗಾಡಿದರು, ಜೂನಿನಿಂದ ನಾನು ಕೆಲಸಕ್ಕೆ ಬರಬೇಕಾಗಿಲ್ಲ ಎಂದು ತೀರ್ಮಾನವಾಯಿತು. ಇನ್ನೊಂದು ಪ್ರತಿ ಹಿಡಿದು ಮತ್ತೆ ಇಕ್ಕೇರಿಗೆ ಹೋದೆ.

ಭೂತಪ್ಪ ಮಗಳ ಹೆಸರನ್ನು ಹುಡುಕಲೇ ಇಲ್ಲ. ಎಷ್ಟು ಜನ ಫೇಲಾದರು ಎಂದು ಕೇಳಿದ. ಹದಿನೇಳು ಎಂದೆ. ಅಧ್ಯಕ್ಷರ ಮಗ ಏನಾದ ಎಂದು ಕೇಳಿದ. ಅವನೂ ಫೇಲು ಎಂದೆ. ಆಗ ಕಾಗದವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಜಗಲಿಯ ಮೇಲೆ ಕೂತ.

“ಹಂಗಾದ್ರೆ ಇದು ಸರಿ ಇರ್ಬೇಕು,” ಅಂದ. “ಗಂಗಾ, ಅಂಗಿ ತಗಂಡು ಬಾ. ಗಂಡಿನ ಮನೆಯವ್ರಿಗೆ ನಾನೇ ಹೇಳಿ ಬರ್ತೀನಿ.”