ಗುಪ್ತ ಮಾಹಿತಿಗೆ ಜಾಹೀರು ಸತ್ಕಾರ

"ಕಾಲ್ ತಗೀಯೇ ರಂಡಿ. ಶೇಠರು ನಡಿಯೂ ಹಾಸು ಅದು. ನಿನ್ನ ಸಿಮೆಂಟ್ ಕಾಲು ಒರಸಾಕ ಹಾಕಿಲ್ಲ."

ಕೂಲಿಗಳ ಮೇಲಿನ ಮುಕಾದಮ ಬಸವಲಿಂಗ ಬೈದಾಗ ಶಿವಗಂಗವ್ವ ಕಾಲು ತೆಗೆದಳು. ನಾನು ಕಸಬರಿಗೆ ಹಿಡಿದು ಅವಳ ಪಕ್ಕದಲ್ಲೇ ಗುಡಿಸುತ್ತಿದ್ದೆ. ನಾವಿಬ್ಬರೂ ಯಾದಗಿರಿ ಕಡೆಯವರು, ಪುಣೆಯಲ್ಲಿ ಕಟ್ಟಡದ ಕೂಲಿಗಳು, ಇರುವುದು ಒಂದೇ ಜೋಪಡಿ ವಸ್ತಿಯಲ್ಲಿ. ಅವತ್ತು ಕೆಲಸ ಬಿಡಿಸಿ ನಮ್ಮನ್ನು ಪೆಂಡಾಲು ಗುಡಿಸಲು ಹಚ್ಚಿದ್ದರು. ಸಂಜೆ ಅಲ್ಲಿ ಗೂಂಡಾಗಿರಿಯ ವಿರುದ್ಧ ದೊಡ್ಡ ಕಾರ್ಯಕ್ರಮವಿತ್ತು.

'ಗುಪ್ತ ಮಾಹಿತಿ ಕೊಟ್ಟ ಧೈರ್ಯವಂತ ತರುಣನಿಗೆ ಜಾಹೀರು ಸತ್ಕಾರ' ಎಂದು ಫ್ಲೆಕ್ಸು ಹಾಕಿದ್ದರು. ಈ ಊರಿನಲ್ಲಿ ಯಾರು ಏನು ಮಾಡಿದರೂ ಶಾಲು, ತೆಂಗಿನಕಾಯಿ, ತಲೆಗೊಂದು ಫೇಟಾ. ಗಟಾರ ತೆಗೆಸಿದವನಿಗೂ ಫೇಟಾ, ಮುಚ್ಚಿಸಿದವನಿಗೂ ಫೇಟಾ. ಗುಟ್ಟಾಗಿ ಒಳ್ಳೆಯದು ಮಾಡಿದವನನ್ನು ಮಾತ್ರ ಸುಮ್ಮನೆ ಬಿಡುತ್ತಾರೆಯೇ? ಫ್ಲೆಕ್ಸಿನ ತುಂಬ ಕೈಮುಗಿದು ನಿಂತವನು ಪಪ್ಪುಶೇಠ. ಪೆಂಡಾಲು, ಮೈಕು, ಚಹಾ ಎಲ್ಲ ಅವನ ದಾನ, ಹಾಗಾಗಿ ಅವನೇ ಮುಖ್ಯ ಅತಿಥಿ. ನಮ್ಮ ಹುಡುಗರ ಕೈಗೆ ಕಬ್ಬು ಕಡಿಯುವ ಕೊಯ್ತಾ ಕೊಟ್ಟು ಅಂಗಡಿ ಅಂಗಡಿ ಹಫ್ತಾ ಎತ್ತಿಸುವವನೂ ಅವನೇ.

ಆ ತರುಣ ಬೇರೆ ಯಾರೂ ಅಲ್ಲ, ಶಿವಗಂಗವ್ವನ ಮಗ ಸಂಜು. ಶೇಠನ ಗ್ಯಾಂಗಿನಲ್ಲಿ ಬೈಕು ಓಡಿಸುತ್ತಿದ್ದ. ಹಫ್ತಾ ಕೊಡದ ಭಜಿ ಗಾಡಿಯ ಈರಬಸಪ್ಪನ ಕೈ ಕಡಿದಾಗ ಬೈಕಿನ ಮೇಲೆ ಕೂತು ನೋಡಿದ್ದ. ಆಮೇಲೆ ಹುಡುಗರನ್ನು ಗ್ಯಾಂಗಿನಿಂದ ಬಿಡಿಸಲು ವಸ್ತಿಗೆ ಬರುತ್ತಿದ್ದ ಸಂಸ್ಥೆಯ ಸ್ನೇಹಲ್ ಮುಂದೆ ಅತ್ತು ಎಲ್ಲ ಹೇಳಿದ. ಅವಳು ಹೆಸರು ಬಿಟ್ಟು ಪೊಲೀಸರಿಗೆ ತಿಳಿಸಿದಳು. ಕಡಿದ ಇಬ್ಬರು ಒಳಗೆ ಹೋದರು. ಹೇಳಿದವನು ಯಾರೆಂದು ಶೇಠ ಇನ್ನೂ ಹುಡುಕುತ್ತಿದ್ದ. ಅವನಿಗೆ ಆ ತ್ರಾಸು ತಪ್ಪಿಸಲು ಸಂಸ್ಥೆಯೇ ಸಭೆ ಕರೆದಿತ್ತು.

ನಮ್ಮನ್ನು ಬಿಟ್ಟರೆ ಸಂಜುವಿನ ಹೆಸರು ಗೊತ್ತಿದ್ದ ಇನ್ನೊಬ್ಬರೆಂದರೆ ಸ್ನೇಹಲಳ ಸಾಹೇಬ, ಬೆಂಗಳೂರಿನ ಅವಿನಾಶ್. ಬೆಳಗಿನಿಂದ ಅವಳು ಅವರ ಬೆನ್ನು ಬಿದ್ದಿದ್ದಳು.

"ಹೆಸರು ಹೇಳಬ್ಯಾಡ್ರಿ ಸರ್. ಹುಡುಗ ಉಳಿಯೂದಿಲ್ಲ."

"ರಿಲ್ಯಾಕ್ಸ್, ಸ್ನೇಹಲ್. ಡೋನರ್ಸ್ ಬರ್ತಿದ್ದಾರೆ, ಒಂದು ಫೇಸ್ ತೋರಿಸ್ಬೇಕಲ್ವಾ? ಇನ್‌ಸ್ಪೆಕ್ಟರೂ ಇರ್ತಾರೆ. ಇದಕ್ಕಿಂತ ಸೇಫ್ ಜಾಗ ಬೇಕಾ?"

"ಕಡಿಸಿದಾತ ಶೇಠನೇ ರೀ."

"ಪ್ರೂಫ್ ಇಲ್ದೆ ಹಾಗೆಲ್ಲ ಹೇಳ್ಬಾರ್ದು. ಪಾಪ, ಪೆಂಡಾಲ್ ಫ್ರೀ ಕೊಟ್ಟಿದ್ದಾರೆ."

ಸ್ನೇಹಲ್ ನಮ್ಮ ಹತ್ತಿರ ಬಂದು ಇದನ್ನೆಲ್ಲ ಹೇಳಿದಳು.

"ಸಂಜೂನ್ನ ದೌಂಡ್ ರೈಲು ಹತ್ತಸ್ತೀನಿ," ಎಂದಳು ಶಿವಗಂಗವ್ವ. "ಅಲ್ಲೇ ಹತ್ರ ಕುರಕುಂಭದಾಗ ನನ್ನ ತಂಗಿ ಅದಾಳ."

"ಹೆಸರು ಹೊರಗ ಬಿತ್ತಂದ್ರ ಎಲ್ಲಿದ್ರೂ ಹುಡುಕ್ಕೊಂಡು ಹೋಗ್ತಾರ, ಅವ್ವಾ."

ಶಿವಗಂಗವ್ವ ಮಗನನ್ನು ಕಳಿಸಿಬಿಟ್ಟು ಬಂದಳು. ಸಭೆ ಶುರುವಾದಾಗ ವೇದಿಕೆಯ ಮೆಟ್ಟಿಲ ಹತ್ತಿರ ನಿಂತಳು. ಕಸ ಹೊಡೆಯುವವಳು ಎಲ್ಲಿ ನಿಂತರೂ ದೊಡ್ಡವರ ಕಣ್ಣಿಗೆ ಬೀಳುವುದಿಲ್ಲ, ಅದೊಂದು ಅನುಕೂಲ.

ತರುಣರು ಕೆಟ್ಟ ದಾರಿ ಹಿಡಿಯಬಾರದೆಂದು ಶೇಠ ಬಹಳ ಹೊತ್ತು ಕಳಕಳಿಯಿಂದ ಮಾತಾಡಿದ. ಆಮೇಲೆ ಅವಿನಾಶ್ ಮೈಕು ಹಿಡಿದರು.

"ಈಗ ಆ ಬ್ರೇವ್ ಹುಡುಗನ್ನ ಸ್ಟೇಜಿಗೆ ಕರೀತೀನಿ. ಅವನ ಹೆಸರು..."

"ನಾನ್ರಿ." ಶಿವಗಂಗವ್ವ ಮೇಲೆ ಹತ್ತಿಯಾಗಿತ್ತು. "ಈರಬಸಪ್ಪನ ಕೈ ಕಡಿಯೂದು ನೋಡಿದಾಕಿ ನಾ. ಹೇಳಿದಾಕೀನೂ ನಾ."

"ಅಮ್ಮ, ನೀವಲ್ಲ, ಅದು..."

ಸ್ನೇಹಲ್ ಮೈಕು ಕಿತ್ತುಕೊಂಡಳು. "ಇವರೇ ಸರ್. ಗುರ್ತು ಸಿಗಬಾರದಂತ ತರುಣ ಅಂತ ನಾನೇ ಸುಳ್ಳು ಹೇಳಿದ್ದೆ."

ಅಷ್ಟು ಚೆಂದದ ಸುಳ್ಳನ್ನು ನಾನು ಜನ್ಮದಲ್ಲಿ ಕೇಳಿರಲಿಲ್ಲ. ಕಸಬರಿಗೆ ಕಂಕುಳಲ್ಲಿ ಇರುಕಿಕೊಂಡು ಚಪ್ಪಾಳೆ ಹೊಡೆದೆ. ವಸ್ತಿಯವರೆಲ್ಲ ಹೊಡೆದರು.

ಫೇಟಾ ಕಟ್ಟುವವನು ಅವಳ ಸಿಮೆಂಟು ಮೆತ್ತಿದ ತಲೆ ನೋಡಿ ಹಿಂದೆ ಸರಿದ. ಆದರೆ ಡೋನರುಗಳ ಮೊಬೈಲುಗಳು ಮೇಲೆದ್ದಿದ್ದವು, ಮುಖ್ಯ ಅತಿಥಿ ಏಳಲೇಬೇಕಾಯಿತು. ಪಪ್ಪುಶೇಠ ತನ್ನ ಕೈಯಾರೆ ಅವಳ ತಲೆಯ ಮೇಲೆ ಫೇಟಾ ಇಟ್ಟ. ಇಡುವಾಗ ನಗುತ್ತಲೇ ಬಾಗಿ ಅವಳ ಕಿವಿಯಲ್ಲಿ ಏನೋ ಹೇಳಿದ.

ಶಿವಗಂಗವ್ವ ಸ್ನೇಹಲಳ ಕೈಯಿಂದ ಮೈಕು ತೆಗೆದುಕೊಂಡಳು.

"ನಿನ್ನ ಜೋಪಡಿಗೆ ಬಾಗಲಾ ಅದ ಏನು ಅಂತ ಶೇಠ್ರು ಕೇಳಾಕತ್ತಾರ್ರಿ. ಇಲ್ರಿ, ಬರೇ ತಗಡಿನ ಪತ್ರಾ ಹಚ್ಚೀನಿ. ಇನ್‌ಸ್ಪೆಕ್ಟರ್ ಸಾಹೇಬ್ರ, ಇದನ್ನೂ ಬರ್ಕೊಳ್ರಿ. ಇದು ಗುಪ್ತ ಅಲ್ಲ, ಎಲ್ಲಾರ ಮುಂದ ಹೇಳಾಕತ್ತೀನಿ."

ಇನ್‌ಸ್ಪೆಕ್ಟರು ಗಡಿಯ ಜತ್ತ ಕಡೆಯವರು, ಕನ್ನಡ ಚೆನ್ನಾಗಿ ತಿಳಿಯುತ್ತಿತ್ತು. ಚಪ್ಪಾಳೆ ತಟ್ಟುತ್ತಿದ್ದ ಅವರ ಕೈ ನಿಂತಿತು. ಅವರು ಶೇಠನ ಮುಖ ನೋಡಿದರು.

"ಅವರನ್ನೇನು ನೋಡ್ತೀರಿ? ಬರ್ಕೊಳ್ರಿ," ಎಂದಳು ಶಿವಗಂಗವ್ವ. "ನಾ ಇಲ್ಲೇ ನಿಂತಿರ್ತೀನಿ."