ಅಂಟಿಸಿದ ಚುಕ್ಕಿ ಕೀಳುವಂತಿಲ್ಲ

ಊರಿಗೆಲ್ಲ ದಾರಿ ತೋರಿಸುವವಳು ಎಂದು ಮನೆಯಲ್ಲಿ ಅವಳನ್ನು ಚುಡಾಯಿಸುತ್ತಿದ್ದರು. ಸಂಘ, ಗ್ರಂಥಾಲಯ, ಆಸ್ಪತ್ರೆ, ಯಾರೇ ಕರೆದರೂ ಹೋಗಿ, ಮುಂದಿನ ಐದು ವರ್ಷ ಏನಾಗಬೇಕು ಎಂಬುದನ್ನು ಜನರ ಬಾಯಿಂದಲೇ ಹೊರಡಿಸಿ ಯೋಜನೆ ಬರೆದುಕೊಡುವುದು ಅವಳ ಉದ್ಯೋಗ. ಸಲಹೆಗಾರ್ತಿ ಎನ್ನುವುದು ಹೆಸರಿಗೆ ಮಾತ್ರ, ಯಾರಿಗೂ ಸಲಹೆ ಕೊಟ್ಟವಳಲ್ಲ. ಮುಂದಾಳು ಬಾಯಿ ಮುಚ್ಚಿದರೇನೇ ಜನ ಬಾಯಿ ಬಿಡುವುದು ಎಂದು ನಂಬಿದ್ದಳು. ಆ ನಂಬಿಕೆಯಿಂದಲೇ ಹೆಸರನ್ನೂ ಮಾಡಿದ್ದಳು.

ಅವಳ ಪದ್ಧತಿ ಸರಳ. ಗೋಡೆಯ ಮೇಲೆ ದೊಡ್ಡ ಹಾಳೆಗಳು, ಹಾಳೆಗೊಂದು ಬೇಡಿಕೆ. ಬಂದವರಿಗೆಲ್ಲ ಮೂರು ಮೂರು ಕೆಂಪು ಚುಕ್ಕಿ, ಬೇಕಾದ ಹಾಳೆಗೆ ಅಂಟಿಸಬೇಕು. ಅಧ್ಯಕ್ಷರಿಗೂ ಮೂರೇ, ಕಸ ಗುಡಿಸುವವಳಿಗೂ ಮೂರೇ. ಅಂಟಿಸಿದ್ದನ್ನು ಕೀಳುವಂತಿಲ್ಲ. ಸಭೆ ನಡೆಸುವವಳಿಗೆ ಚುಕ್ಕಿಯೇ ಇಲ್ಲ.

ಈ ಸಲ ಕರೆದದ್ದು ಅವಳದೇ ಬಡಾವಣೆಯ ಸಂಘ. ಸಂಘದ ಕಟ್ಟಡದ ನೆಲಮಾಳಿಗೆಯಲ್ಲಿ ಬೆತ್ತದ ಕುರ್ಚಿ ಹೆಣೆಯುವ ಕೋಣೆಯಿತ್ತು. ಅದನ್ನು ಉಳಿಸಬೇಕೋ, ಒಡೆದು ಕಾರು ನಿಲ್ಲಿಸಲು ಜಾಗ ಮಾಡಬೇಕೋ ಎಂಬುದೇ ಜಗಳ. ಆ ಕೋಣೆಯಲ್ಲಿ ಹೆಣೆಯುವವರಲ್ಲಿ ಅವಳ ತಮ್ಮನೂ ಒಬ್ಬ. ತಲೆ ನರೆಯುತ್ತಾ ಬಂದಿದ್ದರೂ ಬುದ್ಧಿ ಮಾತ್ರ ಮಗುವಿನದು. ಮನೆಯಲ್ಲಿ ಅವನಿಗೆ ದೊರೆ ಎಂದೇ ಹೆಸರು. ಅಮ್ಮ ಹೋದ ಮೇಲೆ ಮಾತೇ ಬಿಟ್ಟು ಕೂತಿದ್ದವನಿಗೆ ಮತ್ತೆ ಬಾಯಿ ಬಂದದ್ದು ಆ ಕೋಣೆಯಲ್ಲಿ, ಬೆತ್ತ ಹಿಡಿದ ಮೇಲೆ.

"ಈ ಕೆಲಸ ಬೇರೆ ಯಾರಿಗಾದ್ರೂ ಬಿಡು. ನಿನ್ನ ತಮ್ಮನ ಜೀವ ಇರೋದೇ ಅಲ್ಲಿ," ಎಂದು ಚಿಕ್ಕಮ್ಮ ಹೇಳಿ ನೋಡಿದರು.

"ಬೇರೆಯವ್ರು ಬಂದ್ರೆ ಅವನಿಗೆ ಚುಕ್ಕಿ ಕೊಡ್ತಾರಾ ಚಿಕ್ಕಮ್ಮ? ನಾನಿದ್ರೆ ಕೊಡ್ತೀನಿ."

ಕೊಟ್ಟಳು. ಓದು ಬಾರದವರಿಗೆಂದು ಒಂದು ಹಾಳೆಯಲ್ಲಿ ಕುರ್ಚಿಯ ಚಿತ್ರವನ್ನೂ ಇನ್ನೊಂದರಲ್ಲಿ ಕಾರಿನ ಚಿತ್ರವನ್ನೂ ತಾನೇ ಬರೆದಳು.

ಸಭೆಗೆ ಜನ ಕಿಕ್ಕಿರಿದಿದ್ದರು. ನೂಕುನುಗ್ಗಲಿಗೆ ಕಾರಿನ ಹಾಳೆ ಗೋಡೆಯಿಂದ ಕಿತ್ತುಬಂತು. ಅವಳು ಹೋಗಿ ಅದರ ತುದಿಯನ್ನು ಭುಜದಿಂದ ಒತ್ತಿ ನಿಂತಳು. ದೊರೆ ಎಲ್ಲರನ್ನೂ ಸರಿಸುತ್ತಾ ಕುರ್ಚಿಯ ಹಾಳೆಯವರೆಗೆ ಬಂದ. ಅಲ್ಲಿಂದ ಅಕ್ಕನನ್ನು ಕಂಡ. ಮುಖ ಅರಳಿತು. ನೆಟ್ಟಗೆ ಅವಳ ಬಳಿ ಬಂದು, ಅವಳ ಭುಜದ ಪಕ್ಕದಲ್ಲೇ ಮೂರೂ ಚುಕ್ಕಿ ಅಂಟಿಸಿ, ಹೆಬ್ಬೆರಳಿನಿಂದ ಒಂದೊಂದನ್ನೂ ಚೆನ್ನಾಗಿ ಒತ್ತಿದ.

ಅವಳು ಆ ಮೂರು ಚುಕ್ಕಿಗಳನ್ನೇ ನೋಡಿದಳು. ಪಕ್ಕದಲ್ಲಿದ್ದ ಕಾರ್ಯದರ್ಶಿಯೂ ನೋಡಿದರು. ಕಾರು ನಿಲ್ಲಿಸಲು ಜಾಗ ಬೇಕೆಂದವರೇ ಅವರು, ಆದರೂ ಒಳ್ಳೆಯ ಮನುಷ್ಯ.

"ಅವನಿಗೆ ಗೊತ್ತಾಗ್ಲಿಲ್ಲ ಮೇಡಂ. ತೆಗೆದು ಆ ಕಡೆ ಹಾಕ್ಬಿಡಿ, ಯಾರೂ ಏನೂ ಅನ್ನಲ್ಲ."

ಅವನಿಗೆ ಗೊತ್ತಾಗಲ್ಲ. ಹುಟ್ಟಿದಾಗಿನಿಂದ ಎಲ್ಲರೂ ಅವನ ಎದುರಿಗೇ ಆಡಿದ ಮಾತು ಅದು. ತಾನೂ ಅದನ್ನೇ ಹೇಳಬೇಕೆ, ಅದೂ ಇಷ್ಟು ಜನರ ಮುಂದೆ? ತಡೆದದ್ದು ತಮ್ಮನ ಮೇಲಿನ ಮರ್ಯಾದೆಯೋ, ತನ್ನ ಹೆಸರಿನ ಮೇಲಿನ ಹೆಮ್ಮೆಯೋ, ಅವಳಿಗೇ ಇವತ್ತಿಗೂ ಬಗೆಹರಿದಿಲ್ಲ. ನಾಲಿಗೆ ಮಾತ್ರ ಅಭ್ಯಾಸದಂತೆ ಹೊರಳಿತು.

"ನಿಯಮ ಎಲ್ರಿಗೂ ಒಂದೇ ಸರ್."

ಎಣಿಸಿದಾಗ ಕಾರು ಎರಡೇ ಚುಕ್ಕಿಗಳಿಂದ ಗೆದ್ದಿತು. ತಿಂಗಳ ಕೊನೆಗೆ ಕೋಣೆ ಖಾಲಿ ಮಾಡಬೇಕೆಂದು ಅವಳೇ ಓದಿ ಹೇಳಿದಳು. ಹೆಣೆಯುವವರಲ್ಲಿ ಕೆಲವರು ತಲೆ ತಗ್ಗಿಸಿದರು. ಕಾರಿನ ಕಡೆಯವರು ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವನು ದೊರೆ.

ಮನೆಯ ದಾರಿಯಲ್ಲಿ ಅವನು ಅವಳ ಚೀಲ ತಾನೇ ಹೊತ್ತುಕೊಂಡ.

"ಅಕ್ಕ, ನಿನ್ನ ಹಾಳೆ ಗೆದ್ತಲ್ವಾ?"

"ಹೂಂ ಕಣೋ."

"ಕುರ್ಚಿ ಹತ್ರ ತುಂಬಾ ಜನ ಇದ್ರು. ನಿನ್ನ ಹತ್ರ ನಮ್ಮೋರು ಯಾರೂ ಇರ್ಲಿಲ್ಲ. ಅದಕ್ಕೇ ಮೂರೂ ನಿಂಗೇ ಹಾಕ್ದೆ."

ಅವಳು ಬೀದಿದೀಪದ ಕಂಬ ಹಿಡಿದು ನಿಂತುಬಿಟ್ಟಳು. ತಡೆಯಲಾರದ ಅಳು ಬಂತು, ದಾರಿಹೋಕರು ತಿರುಗಿ ನೋಡುವಷ್ಟು. ದೊರೆ ಚೀಲ ಕೆಳಗಿಟ್ಟು, ತನ್ನ ಅಂಗಿಯ ತೋಳಿನಿಂದ ಅವಳ ಮುಖ ಒರೆಸಿದ.

"ಗೆದ್ದೋರು ಅಳ್ತಾರಾ ಯಾರಾದ್ರೂ?" ಎಂದು ನಕ್ಕ. "ನಡಿ ಮನೆಗೆ. ನಾಳೆ ನಂಗೆ ಕೆಲಸ ಇದೆ."