ಕಂಡವರದ್ದೇ ಗಾಳ

ಮದುವೆಯಾಗಿ ಎರಡು ವರ್ಷ ಕಳೆದಿದ್ದರೂ ಏಕನಾಥ ಮಾಸ್ತರರು ತಮ್ಮ ಅಳಿಯನೊಂದಿಗೆ ಒಂದು ಮಾತನ್ನೂ ನೇರವಾಗಿ ಆಡಿರಲಿಲ್ಲ. ಜಗಳವೇನೂ ಆಗಿರಲಿಲ್ಲ, ಉಪಚಾರದಲ್ಲಿ ಎಳ್ಳಷ್ಟೂ ಕೊರತೆಯಿರಲಿಲ್ಲ. ಆದರೆ ಅವರ ಮಾತುಗಳೆಲ್ಲ ಮಗಳ ಮೂಲಕವೋ ಹೆಂಡತಿಯ ಮೂಲಕವೋ ಹಾಯ್ದೇ ಸಂಗನಬಸವನನ್ನು ಮುಟ್ಟುತ್ತಿದ್ದವು. ಅವನು ಎದುರಿಗೇ ಊಟಕ್ಕೆ ಕುಳಿತಿದ್ದರೂ, "ಜ್ಯೋತ್ಸ್ನಾ, ಅವರಿಗೆ ಇನ್ನೊಂದು ರೊಟ್ಟಿ ನೀಡು. ಧಾರವಾಡದಾಗ ಮಳಿ ಹೆಂಗೈತಂತ ಕೇಳು," ಎನ್ನುತ್ತಿದ್ದರು.

ಸಂಗನಬಸವ ಸಂಶಿಯ ಲಿಂಗಾಯತರ ಹುಡುಗ. ಜ್ಯೋತ್ಸ್ನಾ ಮಿಶ್ರಿಕೋಟಿಯ ಮರಾಠರ ಹುಡುಗಿ. ಕಾಲೇಜಿನಲ್ಲಿ ಒಬ್ಬರನ್ನೊಬ್ಬರು ಮೆಚ್ಚಿ, ಎರಡೂ ಮನೆಗಳ ಮನವೊಲಿಸಿ ಮದುವೆಯಾದವರು. ಒಪ್ಪಿಗೆಯೇನೋ ಸಿಕ್ಕಿತ್ತು, ಮಾತು ಸಿಕ್ಕಿರಲಿಲ್ಲ. ಧಾರವಾಡದ ಮಣ್ಣು ಪರೀಕ್ಷಾ ಕೇಂದ್ರದಲ್ಲಿ ದುಡಿಯುವ ಸಂಗನಬಸವನಿಗೆ ಕಾಯುವುದು ಹೊಸದಲ್ಲ. ಆದರೂ ಆ ಮನೆಯ ಹಿರಿಯರು ತನ್ನನ್ನು ಒಮ್ಮೆಯಾದರೂ ಮನೆಯವನೆಂದು ಮಾತಾಡಿಸಬೇಕೆಂಬ ಆಸೆ ಅವನ ಗಂಟಲಲ್ಲಿ ಮುಳ್ಳಿನ ಹಾಗೆ ಉಳಿದಿತ್ತು.

ಆಷಾಢದ ಕೊನೆಯ ರವಿವಾರ ಮನೆಮಂದಿಯೆಲ್ಲ ಗುಡ್ಡದ ಕೆರೆಗೆ ಗಾಳ ಹಾಕಲು ಹೋಗುವುದು ಏಕನಾಥರ ಅಜ್ಜನ ಕಾಲದಿಂದ ನಡೆದುಬಂದದ್ದು. ಶ್ರಾವಣ ಹಿಡಿದರೆ ತಿಂಗಳ ತನಕ ಮನೆಯಲ್ಲಿ ಮೀನು ಬೇಯುವುದಿಲ್ಲ. ಅದಕ್ಕೆ ಮುಂಚಿನ ಊಟ ಕೆರೆಯ ದಂಡೆಯ ಮೇಲೆಯೇ ಆಗಬೇಕು. ಈ ಸಲ ಜ್ಯೋತ್ಸ್ನಾ ಫೋನು ಕೆಳಗಿಟ್ಟು ಗಂಡನತ್ತ ತಿರುಗಿ, "ಅಪ್ಪ ಹೇಳ್ಯಾನ, ಅವರು ಬರೂ ಹಂಗಿದ್ರ ಬರ್ಲಿ ಅಂತ," ಎಂದಳು. ಸಂಗನಬಸವ ಒಪ್ಪಿದ. ಅವನ ತಾಯಿ ರೇವವ್ವ ಮಾತ್ರ ರೊಟ್ಟಿ, ಶೇಂಗಾ ಚಟ್ನಿ ಮತ್ತು ಒಂದು ಚೀಲ ಚುರುಮುರಿ ಕಟ್ಟಿಕೊಟ್ಟು, "ಹೋಗಿ ಬಾರಪ್ಪಾ. ಅಲ್ಲಿ ಹಸಕೊಂಡು ಕೂತು, ಮೀನಿನ ವಾಸನಿಗೆ ಮನಸ್ಸು ಸಡ್ಲ ಬಿಟ್ಟಿ ಮತ್ತ!" ಎಂದು ನಕ್ಕಿದ್ದಳು.

ಕಲಘಟಗಿ ದಾಟಿದ ಮೇಲೆ ನೆಲದ ಬಣ್ಣವೇ ಬದಲಾಯಿತು. ಎರೆಭೂಮಿ ಹಿಂದೆ ಸರಿದು, ಕೆಂಪು ಮಣ್ಣಿನ ಏರುಗಳೂ ಸಾಗವಾನಿಯ ತೋಪುಗಳೂ ಎದುರಾದವು. ಟಂಟಂ ಗಾಡಿ ಇಳಿದು ಕಾಲುದಾರಿ ಹಿಡಿದು ದಿನ್ನೆ ಏರಿದಾಗ, ಮೂರು ಗುಡ್ಡಗಳ ಬೊಗಸೆಯಲ್ಲಿ ಹಿಡಿದಿಟ್ಟಂತೆ ಕೆರೆ ಕಾಣಿಸಿತು. ಮಳೆ ಆಗಷ್ಟೇ ನಿಂತಿತ್ತು. ನೀರಿನ ಮೇಲಿನ ಮಂಜು ಏಳಲೋ ಬೇಡವೋ ಎಂದು ಯೋಚಿಸುವಂತೆ ಹರಡಿಕೊಂಡಿತ್ತು. ಸಂಗನಬಸವ ನಡೆಯುವುದನ್ನು ಮರೆತು ನಿಂತುಬಿಟ್ಟ.

"ದಾಜಿ, ಕೆರಿ ಎಲ್ಲಿ ಓಡಿ ಹೋಗಂಗಿಲ್ಲ, ನಡೀರಿ," ಎಂದು ಹಿಂದಿನಿಂದ ನೂಕಿದ ಕೌಶಿಕ. ಜ್ಯೋತ್ಸ್ನಾಳ ತಮ್ಮ, ಅಕ್ಕನ ಗಂಡನನ್ನು ಆ ಮನೆಯವರು ಕರೆಯುವಂತೆ ದಾಜಿ ಎಂದೇ ಕರೆಯುತ್ತಿದ್ದ. ಅವನಿಗೆ ಹಾಸ್ಯ ಮಾಡದಿದ್ದರೆ ಉಂಡ ಅನ್ನ ಅರಗುತ್ತಿರಲಿಲ್ಲ.

ಏಕನಾಥರು ಎಲ್ಲರಿಗೂ ಜಾಗ ಗೊತ್ತುಮಾಡಿದರು. ಅವರ ಹೆಂಡತಿ ಮುಕ್ತಾಬಾಯಿ ಆಲದ ಬುಡದಲ್ಲಿ ಕಲ್ಲು ಹೂಡಿ ಒಲೆ ಹೊತ್ತಿಸಿ, ಮಸಾಲೆ ಅರೆಯತೊಡಗಿದರು. ಜ್ಯೋತ್ಸ್ನಾ ಮತ್ತು ಕೌಶಿಕ ಎರೆಹುಳ ಚುಚ್ಚಿದ ಗಾಳ ಹಿಡಿದು ಒಡ್ಡಿನ ಮೇಲೆ ಕುಳಿತರು. "ಅವರಿಗೆ ಆ ಜಂಬುಹುಲ್ಲಿನ ಬಾಜು ನೆರಳೈತಿ. ಅಲ್ಲೆ ಕೂಡ್ಲಿ, ಜ್ಯೋತ್ಸ್ನಾ," ಎಂದರು ಏಕನಾಥರು. ಅಳಿಯನಿಗೆ ಗಾಳ ಕೊಡಲಿಲ್ಲ. ಕೊಟ್ಟಿದ್ದರೆ ಏನು ಮಾಡಬೇಕೆಂಬುದು ಅವನಿಗೂ ಗೊತ್ತಿರಲಿಲ್ಲ.

ಬಿಸಿಲೇರುವ ತನಕ ಒಂದು ಮೀನೂ ಕಚ್ಚಲಿಲ್ಲ. ಹುಲ್ಲಿನ ಮರೆಯಲ್ಲಿ ಒಂಟಿಯಾಗಿ ಕುಳಿತ ಸಂಗನಬಸವ ಚುರುಮುರಿಯ ಚೀಲ ಬಿಚ್ಚಿದ. ಎದುರಿನ ನೀರಿನಲ್ಲಿ ಮೊರದಗಲದಷ್ಟು ಜಾಗ ಸಣ್ಣಗೆ ಕುದಿಯುತ್ತಿರುವುದು ಕಣ್ಣಿಗೆ ಬಿತ್ತು. ಮಳೆ ಹನಿಯಿತೆಂದು ಮುಗಿಲು ನೋಡಿದ, ಮುಗಿಲು ಬೋಳಾಗಿತ್ತು. ಬಾಗಿ ನೋಡಿದರೆ ನೂರಾರು ಸಣ್ಣ ಬಾಯಿಗಳು ಮೇಲೆದ್ದು ಗಾಳಿ ಗುಟುಕರಿಸಿ ಕೆಳಗಿಳಿಯುತ್ತಿದ್ದವು.

ಮೀನೆಂದರೆ ಅವನಿಗೆ ಗೊತ್ತಿದ್ದದ್ದು ಊರ ಗುಡಿಯ ಹೊಂಡದ ಮೀನು ಮಾತ್ರ. ಸೋಮವಾರ ತಾಯಿಯ ಕೈಹಿಡಿದು ಹೋಗಿ, ದೇವರಿಗೆ ಕೈಮುಗಿದ ಮೇಲೆ ಹೊಂಡಕ್ಕೆ ಒಂದು ಹಿಡಿ ಚುರುಮುರಿ ಚೆಲ್ಲಿ ಬರುವುದು ಅವನ ಬಾಲ್ಯದ ರೂಢಿ. ಮೀನು ಕಂಡೊಡನೆ ಕೈ ತಾನಾಗಿಯೇ ಚೀಲಕ್ಕೆ ಹೋಯಿತು. ಒಂದು ಹಿಡಿ ತುಂಬಿ ನೀರಿಗೆ ಚೆಲ್ಲಿದ. ಚೆಲ್ಲಿ ಕೈಯನ್ನೂ ಮುಗಿದ.

"ಅಯ್ಯಯ್ಯಯ್ಯ! ಅಪ್ಪಾ, ನೋಡಿಲ್ಲೆ!" ಕೌಶಿಕನ ಕೂಗು ಗುಡ್ಡಕ್ಕೆ ಬಡಿದು ಮರಳಿತು. "ನಾವು ಮೀನ ಹಿಡಿಯಾಕ ಬಂದ್ರ ದಾಜಿ ಅವಕ್ಕ ದಾಸೋಹ ಹಾಕಾಕತ್ತಾರ!"

ಜ್ಯೋತ್ಸ್ನಾ ಬಾಯಿಗೆ ಸೆರಗು ಒತ್ತಿದಳು. ಒಲೆಯ ಬಳಿಯಿಂದ ಮುಕ್ತಾಬಾಯಿ ನಕ್ಕದ್ದೂ ಕೇಳಿಸಿತು. ಸಂಗನಬಸವನಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಏಕನಾಥರು ಕೈಯಲ್ಲಿದ್ದ ಬಿದಿರಿನ ಗಳವನ್ನು ಬಿಡದೆ ದಾಪುಗಾಲು ಹಾಕುತ್ತ ಅವನತ್ತಲೇ ಬಂದರು. ಕೆರೆಯನ್ನು ಕೆಡಿಸಿದ್ದಕ್ಕೆ ಈಗ ಬೈಗುಳವೂ ಮಗಳ ಮೂಲಕವೇ ಬರಬಹುದೆಂದು ಅವನು ಎದ್ದು ನಿಂತು ತಲೆ ತಗ್ಗಿಸಿದ.

ಆದರೆ ಏಕನಾಥರು ಎರಡು ಮಾರು ದೂರದಲ್ಲೇ ನಿಂತುಬಿಟ್ಟಿದ್ದರು. ಅವರ ಕಣ್ಣು ನೀರಿನಲ್ಲಿತ್ತು. ಚುರುಮುರಿಯ ಸುತ್ತ ಕುಂಕುಮ ಕದಡಿದಂಥ ಕೆಂಪು ಮುದ್ದೆಯೊಂದು ಹಿಗ್ಗುತ್ತ ಕುಗ್ಗುತ್ತ ತೇಲುತ್ತಿತ್ತು.

"ಅಲ್ಲಾಡಬ್ಯಾಡ ಲೇ," ಎಂದು ಪಿಸುಗುಟ್ಟಿದರು. "ನಿಂತಲ್ಲೇ ನಿಂದ್ರು. ಕೊರವ ಮೀನಿನ ಮರಿ ಅವು. ತಾಯಿ ಕೆಳಗ ಐತಿ."

ಎರಡು ವರ್ಷ ಕಾದ ಮಾತು ಅದು. ಬಂದೇಬಿಟ್ಟಿತ್ತು, ಅದರ ಸಂತೋಷವನ್ನು ಅನುಭವಿಸಲು ಮಾತ್ರ ಸಂಗನಬಸವನಿಗೆ ಪುರುಸೊತ್ತಿರಲಿಲ್ಲ. ಕೆಂಪು ಮೋಡದ ಅಡಿಯಿಂದ ಕಪ್ಪು ತೊಲೆಯೊಂದು ಮೆಲ್ಲಗೆ ಮೇಲೇರಿತು. ಹಾವಿನಂಥ ಚಪ್ಪಟೆ ತಲೆ, ತೋಳುದ್ದದ ಮೈ, ಬೆನ್ನ ಮೇಲೆ ಹಳೆಯ ಗಾಯದ ಬಿಳಿ ಗೆರೆ. ಅದು ಈಜುರೆಕ್ಕೆಯನ್ನಷ್ಟೇ ಆಡಿಸುತ್ತ ಮರಿಗಳ ಕೆಳಗೆ ನೆರಳಿನಂತೆ ನಿಂತಿತು. ಮರಿಗಳು ಗಾಳಿಗೆಂದು ಮೇಲೆ ಹೋದಾಗ ತಾನೂ ಏರುವುದು, ಅವು ಇಳಿದಾಗ ತಾನೂ ಇಳಿಯುವುದು. ಅಷ್ಟು ದೊಡ್ಡ ಜೀವ ಅಷ್ಟು ಸಣ್ಣ ಉಸಿರುಗಳ ಲೆಕ್ಕಕ್ಕೆ ತನ್ನನ್ನು ಕಟ್ಟಿಕೊಂಡಿತ್ತು.

ಆಗ ನೆತ್ತಿಯ ಮೇಲೆ ಕಪ್ಪು-ಬಿಳಿ ಮಿಂಚುಳ್ಳಿಯೊಂದು ರೆಕ್ಕೆ ಬಡಿಯುತ್ತ ನಿಂತಲ್ಲೇ ನಿಂತು, ಕಲ್ಲು ಒಗೆದಂತೆ ಮರಿಗಳ ನಡುವೆ ಎರಗಿತು. ಅದು ನೀರು ಮುಟ್ಟುವುದಕ್ಕೂ ನೀರು ಸಿಡಿಯುವುದಕ್ಕೂ ಅಂತರವಿರಲಿಲ್ಲ. ಕೊರವ ಅರ್ಧ ಮೈಯನ್ನು ಗಾಳಿಗೆಸೆದು ಬಾಯಿ ತೆರೆದಿತ್ತು. ಬಿಳಿಯ ಹೊಟ್ಟೆ ಬಿಸಿಲಿಗೆ ಹೊಳೆದು ಮರಳಿ ಬಿತ್ತು. ಮಿಂಚುಳ್ಳಿ ಕಿರಿಚುತ್ತ, ಓರೆಯಾಗಿ ಹಾರಿ ತಪ್ಪಿಸಿಕೊಂಡಿತು. ನೀರಿನ ಮೇಲೆ ಒಂದು ಪುಕ್ಕ ಉಳಿಯಿತು.

ಜ್ಯೋತ್ಸ್ನಾ, ಕೌಶಿಕ ಇಬ್ಬರೂ ಬೆಕ್ಕಿನ ಹೆಜ್ಜೆಯಲ್ಲಿ ಬಂದು ಹಿಂದೆ ನಿಂತಿದ್ದರು. ಏಕನಾಥರು ಹುಲ್ಲಿನಿಂದ ಕಪ್ಪೆಯೊಂದನ್ನು ಹಿಡಿದು ಗಾಳಕ್ಕೆ ಚುಚ್ಚಿ, ಗಳವನ್ನು ಅಳಿಯನತ್ತ ಚಾಚಿದರು.

"ಹಿಡಿ. ಮರಿಗಳ ನಡುವ ಒಗಿ. ಹಸಿವಿಗಲ್ಲ, ಸಿಟ್ಟಿಗೆ ಕಚ್ಚತೈತಿ ಅದು. ಇಂಥಾ ಕೊರವನ್ನ ನಾ ಹುಟ್ಟಿದಾಗಿಂದ ಕಂಡಿಲ್ಲ."

"ನಾ ಯಾಕ್ರಿ, ಮಾವಾರ? ನೀವ ಒಗೀರಿ."

"ನಮ್ಮನ್ಯಾಗ ಕಂಡವರದ್ದ ಗಾಳ. ಮರಿ ಮೊದಲ ಯಾರು ಕಾಣ್ತಾರ, ಅವರ ಒಗೀಬೇಕು. ಉಳಿದವರು ಮುಟ್ಟೂ ಹಂಗಿಲ್ಲ. ನಮ್ಮಜ್ಜ ಇಟ್ಟ ಪದ್ಧತಿ."

ಗಳದ ತೂಕ ಸಂಗನಬಸವನ ಅಂಗೈಯಲ್ಲಿತ್ತು. ಇದನ್ನು ಒಗೆದರೆ ಆ ಮನೆಯಲ್ಲಿ ತನ್ನ ಜಾಗ ಗಟ್ಟಿಯಾಗುತ್ತದೆ. ಒಗೆಯದಿದ್ದರೆ ಈಗಷ್ಟೇ ಸಿಕ್ಕ ಮಾತೂ ಹೋದೀತು.

"ತಾಯಿ ಹ್ವಾದ ಮ್ಯಾಲ ಮರಿಗೋಳು ಏನಾಗ್ತಾವ್ರಿ?"

ಏಕನಾಥರು ಸುಳ್ಳು ಹೇಳಲಿಲ್ಲ. "ಸಂಜಿ ಆಗೂದ್ರಾಗ ಒಂದೂ ಉಳಿಯಂಗಿಲ್ಲ."

ಅವನು ಗಳವನ್ನು ಎರಡೂ ಕೈಗಳಿಂದ ಮಾವನತ್ತ ಮರಳಿ ಚಾಚಿದ. "ನನ್ನಿಂದ ಆಗೂದಿಲ್ರಿ, ಮಾವಾರ. ಸಿಟ್ಟಾಗಬ್ಯಾಡ್ರಿ. ನನಗ ಅದನ್ನ ಇನ್ನೊಂದ್ ಸ್ವಲ್ಪ ನೋಡಬೇಕನಸೇತಿ."

"ಹಂಗಾರ ನಾ ಒಗೀತೀನಿ, ಕೊಡ್ರಿ!" ಕೌಶಿಕ ಕೈ ನೀಡಿದ.

"ಕಂಡವರದ್ದ ಗಾಳ ಅಂದೆ ಅಲ್ಲೇನಲೇ?"

"ಆ ಪದ್ಧತಿ ಮನಿಯವರಿಗಷ್ಟ ಅಲ್ಲೇನಪ್ಪಾ? ಹೋದ ವರ್ಷ ನನ್ನ ಗೆಳ್ಯಾ ಕಂಡಾಗ ನೀನ ಒಗದಿ. ದಾಜಿ ನಮ್ಮ ಮನಿಯವರು ಹೆಂಗಾಗ್ತಾರ?"

ಕೌಶಿಕ ತಮಾಷೆಗೇ ಹೇಳಿದ್ದ. ಆದರೆ ಯಾರೂ ನಗಲಿಲ್ಲ. ಜ್ಯೋತ್ಸ್ನಾ ಅಪ್ಪನ ಮುಖವನ್ನೇ ನೋಡಿದಳು. ಅಳಿಯ ಹೊರಗಿನವನಾದರೆ ಗಾಳ ಏಕನಾಥರದ್ದು, ಮೀನೂ ಅವರದ್ದು. ಮನೆಯವನಾದರೆ ಜೀವಮಾನದ ಬೇಟೆ ಕೈಯಳತೆಯಲ್ಲೇ ತಪ್ಪಿಹೋಗುತ್ತದೆ. ಅವರು ಮೀನನ್ನು ನೋಡಿದರು, ಗಳವನ್ನು ನೋಡಿದರು. ಆಮೇಲೆ ಕಪ್ಪೆಯನ್ನು ಗಾಳದಿಂದ ಬಿಡಿಸಿ ಹುಲ್ಲಿಗೆ ಎಸೆದು, ದಾರವನ್ನು ಗಳಕ್ಕೆ ಬಿಗಿಯಾಗಿ ಸುತ್ತತೊಡಗಿದರು.

"ನಿನ್ನ ಗೆಳ್ಯಾ ನನ್ನ ಮಗಳ ಗಂಡ ಏನ್ ಮತ್ತ?" ಎಂದರು ಮಗನಿಗೆ. ಅಳಿಯನತ್ತ ತಿರುಗಿ ಹಲ್ಲು ಕಡಿದರು. "ಎಂಥಾ ಮೀನ ಬಿಟ್ಟಿ ಲೇ! ಸಾಯೂ ತನಕ ಕಾಡತೈತಿ ನನಗ. ಕುಂದ್ರು ಈಗ. ನೋಡಬೇಕಂದೆಲ್ಲಾ, ನೋಡು."

ಸಂಗನಬಸವ ಕುಳಿತ. ಸಿಟ್ಟಿನಿಂದಲೇ ಅವನ ಪಕ್ಕದಲ್ಲಿ ಏಕನಾಥರೂ ಕುಳಿತರು.

"ಮಸಾಲಿ ಅರದು ಕೈ ಉರಿಯಾಕತ್ಯಾವ. ಮೀನ ಎಲ್ರಿ?" ಎಂದು ಮುಕ್ತಾಬಾಯಿ ಆಲದ ಬುಡದಿಂದ ಕೂಗಿದರು.

"ನೀರಾಗ ಐತಿ! ಅಳಿಯಾನ ಮನಿ ಚಟ್ನಿ-ರೊಟ್ಟಿ ಬಿಚ್ಚು," ಎಂದು ಏಕನಾಥರು ಕಣ್ಣು ಕೀಳದೆಯೇ ಉತ್ತರಿಸಿದರು.

ಮಂಜು ಪೂರಾ ಎದ್ದಿತ್ತು. ಬಿಸಿಲು ತಳದ ಕೆಸರಿನ ತನಕ ಇಳಿದು ನೀರು ಗಾಜಿನಂತಾಯಿತು. ಕೆಂಪು ಮೋಡ ದಂಡೆಗುಂಟ ಮೆಲ್ಲಗೆ ಸರಿಯತೊಡಗಿದಾಗ, ಅದರ ಆಚೆ ಬದಿಯಲ್ಲಿ, ಇಷ್ಟು ಹೊತ್ತು ಮುಳುಗಿದ ದಿಮ್ಮಿಯೆಂದು ಅವರೆಲ್ಲ ತಿಳಿದದ್ದು ಅಲುಗಿತು. ಅದಕ್ಕೂ ಹಾವಿನ ತಲೆಯಿತ್ತು. ಮರಿಗಳನ್ನು ನಡುವೆ ಹಾಕಿಕೊಂಡು ಎರಡೂ ಕೊರವಗಳು ಒಂದೇ ವೇಗದಲ್ಲಿ ಹೊರಟವು.

"ಎರಡದಾವ," ಎಂದ ಸಂಗನಬಸವ, ಉಸಿರಿನಷ್ಟೇ ದನಿಯಲ್ಲಿ.

ಏಕನಾಥರು ಮೊಣಕಾಲೂರಿ ಮುಂದಕ್ಕೆ ಬಾಗಿದ್ದರು.

"ಇಷ್ಟ ವರ್ಷ ಒಂದ ಇರತೈತಿ ಅಂತ ತಿಳದಿದ್ದೆ, ಸಂಗಣ್ಣ," ಎಂದರು. "ಇಷ್ಟೊತ್ತಿಗೆ ಯಾವಾಗ್ಲೂ ಗಾಳ ಒಗದಬಿಟ್ಟಿರತಿದ್ದೆ."